ನೆರೆ ಇಳಿದ ಹಳ್ಳದಲ್ಲಿ ಚಿನ್ನದ ಕಣ

ಪ್ರಶ್ನೆ: ನೆರೆ ಇಳಿದ ಮೇಲೆ ನಮ್ಮ ಹೊಲದ ಪಕ್ಕದ ಹಳ್ಳದ ಮರಳಿನಲ್ಲಿ ಹಳದಿ ಮಿನುಗು ಕಾಣುತ್ತಿದೆ. ಚಿನ್ನವೇ? ಹವ್ಯಾಸಕ್ಕೆಂದು ಜಾಲಿಸಿ ನೋಡುವುದು ಹೇಗೆ?
– ಓದುಗರು, ಸವದತ್ತಿ ತಾಲ್ಲೂಕು

ಉತ್ತರ: ದೂರದಿಂದಲೇ ಮಿನುಗುವುದು ಬಹುಮಟ್ಟಿಗೆ ಅಭ್ರಕ (ಕಾಗೆಬಂಗಾರ, ಮೈಕಾ). ಚಿನ್ನ ನೆರಳಲ್ಲೂ ಅದೇ ಬಣ್ಣ ತೋರುತ್ತದೆ. ಅಭ್ರಕ ಬಿಸಿಲಿಗೆ ತಿರುಗಿದಾಗ ಮಾತ್ರ ಹೊಳೆಯುತ್ತದೆ. ಸೂಜಿಯಿಂದ ಒತ್ತಿ: ಚಿನ್ನ ತಗ್ಗುತ್ತದೆ, ಅಭ್ರಕ ಪದರಾಗಿ ಏಳುತ್ತದೆ, ಹುಸಿಚಿನ್ನ (ಪೈರೈಟ್ ಎಂಬ ಹಳದಿ ಖನಿಜ) ಪುಡಿಯಾಗುತ್ತದೆ.

ಮೇಲಿನ ಸಡಿಲ ಮರಳು ಬಿಡಿ. ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಕೆಳಹರಿವಿನ ಬದಿ, ತಳದ ಬಂಡೆಯ ಸೀಳುಗಳನ್ನು ಕೆದರಿ. ನೀರಿನ ವೇಗ ಕುಗ್ಗುವಲ್ಲೇ ಭಾರದ ಕಣ ಕೂರುತ್ತದೆ. ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಮರಳಿನ ಕಣ ಸುಮಾರು 2.65 ಪಟ್ಟು.

ಜರಡಿ ಹಿಡಿದ ಮರಳನ್ನು ಅಗಲ ಪರಾತಕ್ಕೆ ಅರ್ಧದಷ್ಟೇ ಹಾಕಿ, ನೀರಲ್ಲಿ ಮುಳುಗಿಸಿ, ಮಣ್ಣುಂಡೆ ಕೈಯಿಂದ ಒಡೆಯಿರಿ. ಮಟ್ಟವಾಗಿ ಹಿಡಿದು ಅಕ್ಕಪಕ್ಕ ಜೋರಾಗಿ ಅಲ್ಲಾಡಿಸಿ. ಆಮೇಲೆ ಮುಂದಿನ ಅಂಚು ತಗ್ಗಿಸಿ ಮೇಲ್ಪದರ ಹೋಗಲು ಬಿಡಿ. ಮೂರ್ನಾಲ್ಕು ಸಲ ಹೊರಹಾಕಿದ ಮೇಲೆ ಮತ್ತೆ ಮಟ್ಟ ಮಾಡಿ ಅಲ್ಲಾಡಿಸಲೇಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಕೊನೆಗೆ ಚಮಚೆಯಷ್ಟು ಕರಿಮರಳು ಉಳಿಯಬೇಕು. ಒಣಗಿಸಿ, ಪ್ಲಾಸ್ಟಿಕ್ ಸುತ್ತಿದ ಆಯಸ್ಕಾಂತ ಮೇಲೆ ಆಡಿಸಿದರೆ ಕಬ್ಬಿಣದ ಕಣ ಅಂಟಿ ಬರುತ್ತವೆ, ಚಿನ್ನವಿದ್ದರೆ ಕೆಳಗೇ ಉಳಿಯುತ್ತದೆ.

ಪರಾತಕ್ಕೆ ಎಣ್ಣೆಪಸೆ ಇದ್ದರೆ ಸಣ್ಣ ಚಿನ್ನ ನೀರ ಮೇಲೆ ತೇಲಿ ಹೋದೀತು. ಮೊದಲೇ ಸೋಪಿನಿಂದ ತೊಳೆಯಿರಿ. ಚಿನ್ನದ ಕಣ ಒಟ್ಟುಗೂಡಿಸಲೆಂದು ಪಾದರಸ ಮುಟ್ಟಲೇಬೇಡಿ, ಅದರ ಹಬೆ ವಿಷ.

ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಹಿಂದೆ ಹೀಗೆಯೇ ಚಿನ್ನ ತೊಳೆಯುತ್ತಿದ್ದರು. ದಿನಗೂಲಿ ಹುಟ್ಟಿದರೆ ದೊಡ್ಡದು. ಪರವಾನಗಿಯಿಲ್ಲದ ಗಣಿಗಾರಿಕೆ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಅಪರಾಧ, ಆದ್ದರಿಂದ ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೇಳಿ. ನವಿಲುತೀರ್ಥ ಅಣೆಕಟ್ಟಿನ ಕೆಳಗಿನ ಮಲಪ್ರಭಾ ಪಾತ್ರಕ್ಕಂತೂ ನೀರು ಬಿಡುವ ದಿನ ಇಳಿಯಬೇಡಿ.