ದನಿ ಏರಿಸದೆ ಹಾಡುವ ಪ್ರೇಮಗೀತೆ

ಪ್ರಶ್ನೆ: ಕೆಫೆಯೊಂದರಲ್ಲಿ ‘ಗರ್ಲ್ ಫ್ರಮ್ ಇಪನೀಮಾ’ ಹಾಡು ಕೇಳಿದೆ, ತುಂಬಾ ಹಿಡಿಸಿತು. ಆದರೆ ಹಾಡುವವರು ಬಾಯಿಬಿಟ್ಟು ಹಾಡುವುದೇ ಇಲ್ಲ, ಪಕ್ಕದಲ್ಲಿ ಕೂತು ಪಿಸುಗುಟ್ಟಿದ ಹಾಗಿದೆ. ಇದನ್ನು ಗಾಯನ ಅನ್ನಬಹುದೇ? ಬ್ರೆಜಿಲ್‌ನ ಈ ಬೋಸಾ ನೋವಾ ಸಂಗೀತ ಕೇಳಲು ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಗಾಯನವೇ, ಅದೂ ಬಹಳ ಕಷ್ಟದ್ದು. ಸ್ನೇಹಿತರೊಬ್ಬರ ಕ್ಯಾಸೆಟ್ಟಿನಲ್ಲಿ ನಾನು ಮೊದಲ ಸಲ ಈ ಶೈಲಿಯನ್ನು ರೂಪಿಸಿದ ಗಾಯಕ, ಗಿಟಾರ್ ವಾದಕ ಜೊವಾಂವ್ ಜಿಲ್ಬೆರ್ಟೊ ಅವರನ್ನು ಕೇಳಿದಾಗ ಟೇಬಲ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದೆ. ಹಾಡಿನ ಸಾಲು ಆ ತಾಳಕ್ಕೆ ಸಿಗಲೇ ಇಲ್ಲ. ಒಮ್ಮೆ ಮುಂದೆ ಓಡುತ್ತದೆ, ಒಮ್ಮೆ ಹಿಂದೆ ಉಳಿಯುತ್ತದೆ, ಕೊನೆಗೆ ಸದ್ದಿಲ್ಲದೆ ಬಂದು ಗಿಟಾರ್ ಜೊತೆ ಸೇರಿಕೊಳ್ಳುತ್ತದೆ. ಅದೊಂದೇ ಹಾಡನ್ನು ಮತ್ತೆ ಮತ್ತೆ ಹಾಕಿ ಕೇಳಿದೆ.

ಅವರ ಬಲಗೈ ಗಮನಿಸಿ. ಹೆಬ್ಬೆರಳು ಸಾಂಬಾದ, ಅಂದರೆ ಬ್ರೆಜಿಲ್‌ನ ಮೆರವಣಿಗೆಯ ಕುಣಿತದ ಸಂಗೀತದ, ದೊಡ್ಡ ಡೋಲಿನ ಪೆಟ್ಟು ಹಿಡಿದಿರುತ್ತದೆ. ಉಳಿದ ಬೆರಳುಗಳು ತಂಬೊರಿಂ ಎಂಬ ಪುಟ್ಟ ವಾದ್ಯದ ಅಡ್ಡಪೆಟ್ಟು ನುಡಿಸುತ್ತವೆ. ಇಡೀ ಮೆರವಣಿಗೆಯ ತಾಳ ಒಂದು ಗಿಟಾರಿನೊಳಗೆ ಬಂದು ಕೂತಿದೆ! ಅದರ ಮೇಲೆ ದನಿ ನಡುಗಿಸದೆ, ಮಾತಾಡುವಷ್ಟೇ ಸಣ್ಣಗೆ ಹಾಡುತ್ತಾರೆ. ಹಾಗೆ ಹಾಡಿದರೇ ಸಾಲನ್ನು ಹಿಂದೆ ಮುಂದೆ ಜರುಗಿಸಲು ಜಾಗ ಸಿಗುವುದು. 1950ರ ದಶಕದ ನಡುವಿನಲ್ಲಿ, ಡಯಮಂಟೀನಾ ಊರಿನ ಸಹೋದರಿಯ ಮನೆಯಲ್ಲಿದ್ದಾಗ, ಬಚ್ಚಲುಮನೆಯಲ್ಲಿ ಗಂಟೆಗಟ್ಟಲೆ ಕೂತು ಇದನ್ನು ತಿದ್ದಿಕೊಂಡರು. ಟೈಲ್ಸ್ ಗೋಡೆಗೆ ತಾಗಿ ಬರುವ ತಮ್ಮದೇ ಸದ್ದು ಅಲ್ಲಿ ಚೆನ್ನಾಗಿ ಕೇಳುತ್ತಿತ್ತು.

ಅದಕ್ಕೇ 1958ರ ‘ಶೇಗ ಜಿ ಸೌದಾಜಿ’ಯಿಂದ ಶುರು ಮಾಡಿ. ಸಂಗೀತ ಟಾಮ್ ಜೋಬಿಂ, ಸಾಹಿತ್ಯ ವಿನೀಸಿಯಸ್ ಡಿ ಮೊರಾಯೆಸ್. ಎರಡು ನಿಮಿಷದ ಹಾಡು. ‘ಸಾಕು ಈ ಹಂಬಲ’ ಅಂತ ಹೆಸರಿನ ಅರ್ಥ. ಮೊದಲರ್ಧ ಮೈನರ್ ಸ್ವರಗಳಲ್ಲಿ, ದುಃಖದಲ್ಲಿ ನಡೆಯುತ್ತದೆ. ಅವಳು ವಾಪಸ್ ಬಂದರೆ ಅನ್ನುವ ಮಾತು ಬಂದ ಕೂಡಲೇ ಮೇಜರ್‌ಗೆ, ಅಂದರೆ ಸಂತಸದ ಸ್ವರಗಳಿಗೆ, ಹೊರಳುತ್ತದೆ. ಕಡಲಲ್ಲಿ ಈಜುವ ಪುಟ್ಟ ಮೀನುಗಳಿಗಿಂತ ಜಾಸ್ತಿ ಮುತ್ತು ಕೊಡುತ್ತೇನೆ ಅನ್ನುತ್ತಾನೆ. ಅಲ್ಲಿ ಬೇರೆ ಯಾರಾದರೂ ದನಿ ಎತ್ತರಿಸುತ್ತಿದ್ದರು, ಅಲ್ವಾ? ಜೊವಾಂವ್ ಎತ್ತರಿಸುವುದಿಲ್ಲ. ಹೊರಳಿದ ಆ ಜಾಗದಲ್ಲಿ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ನೀವು ಕೇಳಿದ ಇಪನೀಮಾ ಹಾಡು 1963ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆದದ್ದಿರಬೇಕು. ಅದಿರುವ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಜ್ ಜೊತೆಗಿನ ‘ಗೆಟ್ಜ್/ಜಿಲ್ಬೆರ್ಟೊ’ ಆಲ್ಬಮ್ 1964ರಲ್ಲಿ ಬಂತು, ಮರುವರ್ಷ ಗ್ರ್ಯಾಮಿ ಗೆದ್ದಿತು. ಇಂಗ್ಲಿಷ್ ಸಾಲು ಹಾಡಿದವರು ಜೊವಾಂವ್ ಅವರ ಆಗಿನ ಹೆಂಡತಿ ಅಸ್ತ್ರೂದ್. ವೃತ್ತಿಯಿಂದ ಗಾಯಕಿಯಲ್ಲ, ವಯಸ್ಸು 22. ದಯವಿಟ್ಟು ಐದು ನಿಮಿಷದ ಆಲ್ಬಮ್ ರೂಪವನ್ನೇ ಹುಡುಕಿ ಕೇಳಿ. ರೇಡಿಯೊಗೆ ಹೊಂದುವಂತೆ ಕತ್ತರಿಸಿದ ಸಿಂಗಲ್‌ನಲ್ಲಿ ಜೊವಾಂವ್ ಪೋರ್ಚುಗೀಸಿನಲ್ಲಿ ಹಾಡಿದ ಭಾಗವೇ ಇಲ್ಲ. ಅವರು ಮೊದಲು ಹಾಡಿದ ಮೇಲೆ ಅಸ್ತ್ರೂದ್ ಬರುವುದನ್ನು ಕೇಳಿದರೆ, ಆ ಹುಡುಗಿಯ ಸರಳ ದನಿ ಎಷ್ಟು ಸರಿಯಾದ ಜಾಗದಲ್ಲಿದೆ ಅಂತ ತಿಳಿಯುತ್ತದೆ.

ಬ್ರೆಜಿಲ್‌ನ ಗಾಯಕಿ ಎಲಿಸ್ ರೆಜಿನಾ ಮತ್ತು ಜೋಬಿಂ 1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದ ‘ಎಲಿಸ್ ಅಂಡ್ ಟಾಮ್’ ಕೂಡ ಕೇಳಿ. ಎಲಿಸ್‌ದು ಭಾರಿ ಕಂಠ. ಅಂಥವರು ‘ಆಗ್ವಾಸ್ ಜಿ ಮಾರ್ಸು’ ಹಾಡಿನಲ್ಲಿ ಹರಟೆಯಷ್ಟು ಹಗುರವಾಗುತ್ತಾರೆ, ಕೊನೆಯ ಹೊತ್ತಿಗೆ ನಗು ತಡೆಯಲಾಗದೆ ನಕ್ಕೇ ಬಿಡುತ್ತಾರೆ.

ಆಮೇಲೆ ‘ಬೇಸಮೆ ಮೂಚೊ’. ಮೆಕ್ಸಿಕೋದ ಕೊನ್ಸುವೆಲೊ ವೆಲಾಸ್ಕೆಸ್ ಬರೆದ ಬೊಲೆರೊ, ಅಂದರೆ ನಿಧಾನಗತಿಯ ಪ್ರೇಮಗೀತೆ ಇದು, ಸಾಮಾನ್ಯವಾಗಿ ಎಲ್ಲರೂ ಗಂಟಲು ತುಂಬಿ ಹಾಡುತ್ತಾರೆ. ಜೊವಾಂವ್ 1977ರ ‘ಅಮೊರೋಸೊ’ದಲ್ಲಿ ಎಂಟು ನಿಮಿಷಕ್ಕೂ ಜಾಸ್ತಿ ಹೊತ್ತು, ಅವಸರವೇ ಇಲ್ಲದೆ ಹಾಡಿದ್ದಾರೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫ್ಯಾನ್ ನಿಲ್ಲಿಸಿ, ವಾಲ್ಯೂಮ್ ಕಮ್ಮಿ ಇಟ್ಟು ಕೇಳಿ. ಸಾಲಿನ ಕೊನೆಯಲ್ಲಿ ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ.