ಹೆಸರು ಬಿಡಿ, ಸರ್ವೆ ನಂಬರ್ ಹಿಡಿಯಿರಿ

ನಮಸ್ಕಾರ ಮೇಡಂ. ನಿಮ್ಮ ತಾತ ಮಾಗಡಿ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಗಿರಣಿ ಸೇರಿದವರು, ಅವರ ತಂದೆಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಹೆಸರು ಟೈಪ್ ಮಾಡಿದರೆ ವಂಶವೃಕ್ಷ ತೋರಿಸುವ ಜಾಲತಾಣ ಇದೆಯೇ ಎಂದು ಕೇಳಿದ್ದೀರಿ. ನಮ್ಮಂಥವರಿಗೆ ಅಂಥದ್ದು ಇಲ್ಲ. ನಾನೂ ಮೊದಲು ಹಣ ಕಟ್ಟಿ ಒಂದಕ್ಕೆ ಸೇರಿದ್ದೆ. ಮೂರು ತಿಂಗಳ ನಂತರ ಅದು ಯಾವುದೋ ಬೇರೆ ಜಿಲ್ಲೆಯ, ನಮಗೆ ಸಂಬಂಧವೇ ಇಲ್ಲದ ವ್ಯಕ್ತಿಯನ್ನು ನನ್ನ ಮುತ್ತಾತನೆಂದು ತೋರಿಸಿತು. ಹೆಸರೊಂದು ಹೊಂದಿತ್ತು, ಅಷ್ಟೇ.

ತೊಂದರೆ ಇರುವುದು ನಮ್ಮ ಹೆಸರುಗಳಲ್ಲಿ. ಮನೆತನದ ಹೆಸರು ಇರುವುದಿಲ್ಲ, ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ, ಒಂದೇ ಊರಿನಲ್ಲಿ ನಾಲ್ವರು ಮುನಿಯಪ್ಪಂದಿರು. ಹಳೆಯ ಜನಗಣತಿಯ ವರದಿಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಿಗುತ್ತವೆ, ಆದರೆ ಅವುಗಳಲ್ಲಿರುವುದು ತಲೆಯೆಣಿಕೆ, ಹೆಸರುಗಳಲ್ಲ. ನಮ್ಮ ಹಿರಿಯರ ಹೆಸರು ಬರವಣಿಗೆಯಲ್ಲಿ ಉಳಿದಿದ್ದರೆ ಹೆಚ್ಚಾಗಿ ಕಂದಾಯದ ಕಡತದಲ್ಲಿ. ಆದ್ದರಿಂದ ಮೊದಲು ಊರು, ಆಮೇಲೆ ಸರ್ವೆ ನಂಬರ್ (ಹೊಲಕ್ಕೆ ಸರ್ಕಾರಿ ದಾಖಲೆಯಲ್ಲಿರುವ ಸಂಖ್ಯೆ), ಕೊನೆಗೆ ಮನುಷ್ಯ.

ಸರ್ವೆ ನಂಬರ್ ಗೊತ್ತಿಲ್ಲವೇ? ಊರಿಗೆ ಹೋಗಿ, "ನಿಮ್ಮ ತಾತನ ಹೊಲ ಇದೇ" ಎಂದು ಯಾರಾದರೂ ಹಿರಿಯರು ತೋರಿಸಿದ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತ ನೆಲದ ಸರ್ವೆ ನಂಬರ್ ಬರುತ್ತದೆ. ಅದನ್ನು ಸರ್ಕಾರದ ಭೂದಾಖಲೆಗಳ ಭೂಮಿ ಜಾಲತಾಣದಲ್ಲಿ ಹಾಕಿ ಪಹಣಿ (ಮಾಲೀಕರು, ಸಾಗುವಳಿದಾರರ ಹೆಸರಿರುವ ಹಾಳೆ) ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ನೋಡಿ. ಗಣಕೀಕೃತ ಪಹಣಿ ಸುಮಾರು 2000ದ ಈಚಿನದು. ಅದಕ್ಕೆ ಹಿಂದಿನ ಕೈಬರಹದ ಪಹಣಿ, ಐಎಲ್ (ಜಮೀನುಗಳ ಸೂಚಿ), ಆರ್‌ಆರ್ (ಹಕ್ಕು ದಾಖಲೆ) ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಇವನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ, ಹೋಗುವ ಮೊದಲು ವಿಚಾರಿಸಿ.

ಪಹಣಿಯ 9ನೆಯ ಕಲಂ ಮಾಲೀಕರದು. ಅಲ್ಲಿ "ಬಿನ್" ಎಂದರೆ ಇಂಥವರ ಮಗ, "ಕೋಂ" ಎಂದರೆ ಇಂಥವರ ಹೆಂಡತಿ. ನನಗೆ ಸಿಕ್ಕಿದ್ದು 1970ರ ದಶಕದ ಒಂದು ಹಾಳೆ. ಕೆಂಪು ಶಾಯಿಯಲ್ಲಿ ಒಂದು ಹೆಸರು ಹೊಡೆದು, ಪಕ್ಕದಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಬರೆದು, ಕೆಳಗೆ ಇನ್ನೊಂದು ಹೆಸರು "ಕೋಂ ಲೇಟ್" ಎಂದು ಸೇರಿಸಿದ್ದರು. ಅದು ನನ್ನ ಮುತ್ತಜ್ಜಿ. ಮನೆಯಲ್ಲಿ ಎಲ್ಲರೂ "ದೊಡ್ಡವ್ವ" ಎಂದೇ ಕರೆದು, ಆಕೆಗೊಂದು ಹೆಸರಿತ್ತೆಂಬುದನ್ನೇ ಮರೆತಿದ್ದರು. ಆ ಎಂ.ಆರ್. ನಂಬರಿನ ಕಡತ ತೆಗೆಸಿದಾಗ ಪೌತಿ ಖಾತೆಗೆ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಲಗತ್ತಿಸಿದ ವಂಶವೃಕ್ಷ ಸಿಕ್ಕಿತು, ಒಟ್ಟಿಗೆ ಮೂರು ತಲೆಮಾರು. ಆದರೆ ಅದನ್ನು ಪೂರ್ತಿ ನಂಬಬೇಡಿ. ಪಾಲು ಕೇಳಬಾರದೆಂದು ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸಿದ ವಂಶವೃಕ್ಷಗಳು ಬೇಕಾದಷ್ಟಿವೆ. ನಮ್ಮದರಲ್ಲಿಯೂ ಇಬ್ಬರು ಅತ್ತೆಯರು ಮಾಯವಾಗಿದ್ದರು.

ಸ್ವಂತ ಜಮೀನು ಇರಲಿಲ್ಲವೆಂದರೆ 12ನೆಯ ಕಲಂ ನೋಡಿ, ಅದು ಸಾಗುವಳಿದಾರರದು. ಗೇಣಿಗೆ ಮಾಡುತ್ತಿದ್ದವರು 1974ರ ಭೂ ಸುಧಾರಣಾ ತಿದ್ದುಪಡಿಯ ನಂತರ ಆ ಜಮೀನಿನ ಹಕ್ಕಿಗಾಗಿ ನಮೂನೆ 7ರಲ್ಲಿ ಅರ್ಜಿ ಹಾಕಿರಬಹುದು. ಭೂ ನ್ಯಾಯಮಂಡಳಿಯ ಆ ಕಡತಗಳಲ್ಲಿ ಹೇಳಿಕೆಗಳೂ ಇರುತ್ತವೆ, ಓದಲು ಕಥೆಯಂತೆ. ಬೆಂಗಳೂರಿನೊಳಗೇ ಹೊಲ ಇದ್ದು ಬಡಾವಣೆಗೆ ಹೋಗಿದ್ದರೆ, 1976ರಿಂದ ಈಚೆಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಅದಕ್ಕೂ ಮೊದಲು ಸಿಐಟಿಬಿ (ನಗರ ಸುಧಾರಣಾ ಮಂಡಳಿ) ಹೊರಡಿಸಿದ ಸ್ವಾಧೀನದ ಅಧಿಸೂಚನೆಗಳನ್ನು ರಾಜ್ಯಪತ್ರದಲ್ಲಿ ಹುಡುಕಿ. ಸರ್ವೆ ನಂಬರಿನ ಎದುರಿಗೆ ಖಾತೆದಾರ, ಅನುಭವದಾರ ಎಂದು ಹೆಸರುಗಳಿರುತ್ತವೆ.

ಇನ್ನೊಂದು ಸುಲಭದ ದಾರಿ, ಇದನ್ನು ಇಂದು ರಾತ್ರಿಯೇ ಮಾಡಬಹುದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ 2002ರ ಮತದಾರರ ಪಟ್ಟಿ ಇದೆ. ತಾತನ ತಮ್ಮನೋ ತಂಗಿಯೋ ಆಗ ಊರಿನಲ್ಲಿ ಬದುಕಿದ್ದರೆ ಆ ಊರಿನ ಮತಗಟ್ಟೆಯ ಭಾಗ ತೆರೆದು, ಮನೆ ನಂಬರ್ ಹಿಡಿದು ಸಾಲು ಸಾಲಾಗಿ ಓದಿ. ತಮ್ಮನ ಹೆಸರಿನ ಪಕ್ಕದ ತಂದೆಯ ಹೆಸರೇ ನೀವು ಹುಡುಕುತ್ತಿರುವ ಹೆಸರು. ಮದುವೆಯಾದ ಹೆಂಗಸರ ಪಕ್ಕದಲ್ಲಿ ಸಾಮಾನ್ಯವಾಗಿ ಗಂಡನ ಹೆಸರೇ ಇರುತ್ತದೆ, ಗಮನಿಸಿ.

ಈ ಗುಂಪಿನಲ್ಲಿ ಇತರರು ನಿಮಗೆ ಸೂಚಿಸಿದ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣ ಉಚಿತ, ನಿಜ. ನಿಮ್ಮ ಹಿರಿಯರು ಹರಿದ್ವಾರದ ಯಾತ್ರೆ ಮಾಡಿದ್ದರೆ ಅಲ್ಲಿನ ತೀರ್ಥ ಪುರೋಹಿತರ ಬಹಿಗಳ (ಯಾತ್ರಿಕರ ವಂಶಾವಳಿ ಬರೆದಿಡುವ ಪುಸ್ತಕಗಳ) ಚಿತ್ರಗಳಿಗಾಗಿ ಒಮ್ಮೆ ನೋಡಬಹುದು. ಮಿಲ್ಲಿನ ಕೂಲಿಯಲ್ಲಿ ಅಷ್ಟು ದೂರ ಹೋಗಿದ್ದರೇ ಎಂಬುದು ಬೇರೆ ಮಾತು. ಫಿಬಿಸ್ ಎಂಬ ಸಂಘದ ಜಾಲತಾಣ ಬ್ರಿಟಿಷ್ ಇಂಡಿಯಾದ ಕುಟುಂಬಗಳದು, ದಂಡಿನ (ಕಂಟೋನ್ಮೆಂಟ್) ಕಡೆಯ ಆಂಗ್ಲೋ ಇಂಡಿಯನ್ ಮನೆಗಳಿಗೆ ಬಂಗಾರ, ನಿಮಗೆ ಬೇಡ. ಶಾಸನತಜ್ಞ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳಿವೆ, ಊರಿನ ಹಳೆಯ ಹೆಸರು ಸಿಕ್ಕರೂ ಸಿಗಬಹುದು.

ಮರೆಯುವ ಮೊದಲು: ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದು ಊರಿನಲ್ಲಿ ಕೇಳಿ. ಎತ್ತಿನ ಮೇಲೆ ಬಂದು ಒಕ್ಕಲು ಮನೆಗಳ ವಂಶಾವಳಿ ಹೇಳುತ್ತಿದ್ದವರು ಅವರು. ಬರುತ್ತಿದ್ದರೆಂದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬ್ಯಾಟರಿ ತುಂಬಿಸಿಕೊಂಡೇ ಹೋಗಿ.

ಊರು ಮತ್ತು ಹೋಬಳಿಯ ಹೆಸರು ಇಲ್ಲಿ ಬರೆಯಿರಿ. ಶ್ಯಾನುಭೋಗರ ಮೋಡಿ ಬರಹ (ಕೂಡಿಸಿ ಬರೆದ ಹಳೆಯ ಕೈಬರಹ) ಓದಲಾಗದಿದ್ದರೆ ಆ ಒಂದು ಸಾಲಿನ ಚಿತ್ರ ಮಾತ್ರ ಹಾಕಿ, ಪೂರ್ತಿ ಪಹಣಿ ಬೇಡ. ಈ ಗುಂಪಿನಲ್ಲಿ ಓದಬಲ್ಲವರು ಇಬ್ಬರಿದ್ದಾರೆ.