ಮುಖವನ್ನು ತಿರುಚಿ, ಒಡೆದು ತೆಗೆಯುವ ಭಾವಚಿತ್ರಗಳನ್ನು ಎಲ್ಲಿಂದ ಆರಂಭಿಸಬೇಕು?

ನುಣುಪಾದ ಮುಖ, ಮಸುಕಾದ ಹಿನ್ನೆಲೆಯ ಭಾವಚಿತ್ರಗಳನ್ನು ತೆಗೆದು ತೆಗೆದು ಬೇಸರ ಬಂದಿದೆ ಎಂದಿದ್ದೀರಿ. ಮುಖವನ್ನು ತಿರುಚಿ, ಚೂರು ಮಾಡಿ ನೋಡುವ ಆಸೆಯಾಗಿದೆ, ಆದರೆ ತೆಗೆದದ್ದೆಲ್ಲ ಮೊಬೈಲ್ ಆ್ಯಪಿನ ತಮಾಷೆಯಂತೆ ಕಾಣುತ್ತದೆ, ಎಲ್ಲಿ ತಪ್ಪುತ್ತಿದೆ ಎಂಬುದು ನಿಮ್ಮ ಪ್ರಶ್ನೆ. ಕೈಯಲ್ಲಿರುವುದು ಒಂದು ಹಳೆಯ ಕ್ಯಾಮೆರಾ, ಒಂದು ಮೊಬೈಲ್. ಅಷ್ಟು ಸಾಕು.

ನಾನು ಕಾರವಾರದಲ್ಲಿ ಒಂದು ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಹಗಲಿಡೀ ನನ್ನ ಕೆಲಸ ಮುಖಗಳನ್ನು ನೆಟ್ಟಗೆ ಮಾಡುವುದು. ‘ಗದ್ದ ಸ್ವಲ್ಪ ಕೆಳಗೆ, ಎರಡೂ ಕಿವಿ ಕಾಣಲಿ, ನಗಬೇಡಿ’ ಎನ್ನುತ್ತ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಚೌಕಟ್ಟಿನೊಳಗೆ ಊರಿನ ಅರ್ಧ ಜನರನ್ನು ಕೂರಿಸಿದ್ದೇನೆ. ಬಾಗಿಲು ಹಾಕಿದ ಮೇಲೆ ಅದೇ ಮುಖಗಳನ್ನು ಸೊಟ್ಟ ಮಾಡುವ ಹುಚ್ಚು ಹತ್ತಿದ್ದು ಆ ಕೆಲಸದಿಂದಲೇ ಇರಬೇಕು.

ನೀವು ಹಾಕಿರುವ ಚಿತ್ರಗಳ ವಿವರಣೆ ಓದಿದರೆ, ಏನನ್ನು ಕೆಡಿಸಬೇಕು ಎಂಬುದನ್ನು ಮಾತ್ರ ಯೋಚಿಸಿದಂತಿದೆ. ಏನನ್ನು ಮುಟ್ಟಬಾರದು ಎಂಬುದನ್ನು ಮೊದಲು ಯೋಚಿಸಿ. ಬಸ್ ನಿಲ್ದಾಣದ ಆಚೆ ಬದಿಯಲ್ಲಿ ನಿಂತ ಪರಿಚಿತರನ್ನು ನಾವು ಮುಖ ನೋಡಿ ಗುರುತಿಸುವುದಿಲ್ಲ. ಹೆಗಲು ಬಾಗಿದ ರೀತಿಯನ್ನೋ ಕೊಡೆ ಹಿಡಿದ ಕೈಯನ್ನೋ ನೋಡಿ ‘ಇವರೇ’ ಎನ್ನುತ್ತೇವೆ. ಅಂಥದ್ದೊಂದು ಚಿತ್ರದಲ್ಲಿ ಇಡಿಯಾಗಿ ಉಳಿದರೆ ಮಿಕ್ಕದ್ದನ್ನು ಎಷ್ಟು ಬೇಕಾದರೂ ಒಡೆಯಬಹುದು. ಅದು ಹೋದರೆ ಉಳಿಯುವುದು ಬರೀ ಸೊಟ್ಟ ಮುಖ, ಯಾರದ್ದಾದರೂ ಆಗಬಹುದು.

ಇದು ನನಗೆ ಹೊಳೆದದ್ದು ಶಿರಸಿಯ ಹತ್ತಿರ ನಮ್ಮ ಮೂಲಮನೆಯ ಅಂಗಳದಲ್ಲಿ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬ. ಅತ್ತೆ ಬಚ್ಚಲಿನ ತಾಮ್ರದ ಹಂಡೆಯನ್ನು ಅಂಗಳಕ್ಕೆ ಎಳೆಸಿ ಹುಣಸೆಹುಳಿ, ಬೂದಿ ಹಾಕಿ ಉಜ್ಜುತ್ತಿದ್ದರು. ಉಜ್ಜಿದಷ್ಟು ಭಾಗ ಕೆಂಪಗೆ ಹೊಳೆಯುತ್ತಿತ್ತು, ಉಳಿದದ್ದು ಮಸಿ. ಹೊಳೆಯುವ ಭಾಗದಲ್ಲಿ ಅವರ ಮುಖ ಮೂಡಿತ್ತು. ಹಂಡೆಯ ಹೊಟ್ಟೆ ಉಬ್ಬು ಕನ್ನಡಿ, ಹತ್ತಿರದ್ದನ್ನು ದೊಡ್ಡದಾಗಿಯೂ ದೂರದ್ದನ್ನು ತೀರ ಸಣ್ಣದಾಗಿಯೂ ತೋರಿಸುತ್ತದೆ. ಹುಳಿ ಹಿಡಿದ ಕೈ ಹಲಸಿನಕಾಯಿಯಷ್ಟು, ಅದರ ಹಿಂದೆ ಮುಖ ನಿಂಬೆಹಣ್ಣಿನಷ್ಟು. ಆ ನಿಂಬೆಹಣ್ಣಿನಲ್ಲಿ ಮೂಗುಬೊಟ್ಟು ಮಾತ್ರ ಒಂದು ಚುಕ್ಕಿ ಬೆಳಕಾಗಿ ಸ್ಪಷ್ಟವಾಗಿತ್ತು. ಮನೆಯಲ್ಲಿ ಆ ಚಿತ್ರ ನೋಡಿದವರು ಒಬ್ಬರೂ ‘ಇದು ಯಾರು’ ಎಂದು ಕೇಳಲಿಲ್ಲ.

ಮೊದಲ ಹತ್ತು ಚಿತ್ರಗಳು ಹಾಳಾದವು ಎಂಬುದನ್ನೂ ಹೇಳಬೇಕು. ಕ್ಯಾಮೆರಾ ತಾನಾಗಿ ಫೋಕಸ್ ಮಾಡುವಾಗ ಹಂಡೆಯ ಗೀರು, ಮಸಿಯನ್ನೇ ಹಿಡಿಯುತ್ತದೆ. ಪ್ರತಿಬಿಂಬ ಇರುವುದು ಲೋಹದ ಮೇಲ್ಮೈಯಲ್ಲಲ್ಲ, ಅದರ ಒಳಗೆ. ಅರ್ಧ ಮೀಟರ್ ಅಡ್ಡಳತೆಯ ಹಂಡೆಯ ಮುಂದೆ ಅರ್ಧ ಮೀಟರ್ ದೂರದಲ್ಲಿ ಮುಖವಿದ್ದರೆ, ಬಿಂಬ ಸುಮಾರು 10 ಸೆಂಟಿಮೀಟರ್ ಹಿಂದೆ ಮೂಡುತ್ತದೆ. ಆದ್ದರಿಂದ ಫೋಕಸನ್ನು ಕೈಯಿಂದಲೇ ತಿರುಗಿಸಿ. ಮಸಿಯ ಕಲೆಗಳು ಮಸುಕಾಗಿ ಕಣ್ಣು ಚೂಪಾಗುವ ಜಾಗ ಸಿಗುತ್ತದೆ. ಎರಡೂ ಬೇಕೆಂದರೆ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು, ಎಫ್ 11ರವರೆಗೆ ಕಿರಿದು ಮಾಡಿ. ಇನ್ನೊಂದು ತೊಂದರೆ, ಉಬ್ಬು ಕನ್ನಡಿಯಲ್ಲಿ ಇಡೀ ಅಂಗಳವೇ ಕಾಣುತ್ತದೆ, ಕ್ಯಾಮೆರಾ ಹಿಡಿದ ನೀವೂ ಕಾಣುತ್ತೀರಿ. ನಾನು ಕಪ್ಪು ಕಂಬಳಿ ಹೊದ್ದುಕೊಂಡು ಕೂತಿದ್ದೆ. ‘ತಮಾ, ಹಬ್ಬದ ದಿನ ಇದೆಂಥ ವೇಷ’ ಎಂದು ಅತ್ತೆ ನಕ್ಕದ್ದೂ ಒಂದು ಚಿತ್ರದಲ್ಲಿ ಬಂದಿದೆ. ಆಯ್ಕೆಯಾದದ್ದು ಅದೇ.

ಇದೆಲ್ಲ ಹೊಸತೆಂದು ತಿಳಿಯಬೇಡಿ. ಹಂಗೇರಿಯ ಛಾಯಾಗ್ರಾಹಕ ಆಂದ್ರೆ ಕೆರ್ತೇಸ್ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಚೇತರಿಸಿಕೊಳ್ಳುತ್ತಿದ್ದಾಗ, 1917ರಲ್ಲಿ, ಕೊಳದ ನೀರಿನಡಿ ಈಜುತ್ತಿದ್ದವನೊಬ್ಬನ ಮೈ ಅಲೆಗಳಲ್ಲಿ ಬಳುಕಿದ್ದನ್ನು ತೆಗೆದ. ಅದಾದ ಹದಿನಾರು ವರ್ಷಕ್ಕೆ, 1933ರಲ್ಲಿ ಪ್ಯಾರಿಸ್ಸಿನಲ್ಲಿ, ಮೋಜಿನ ಮೇಳಗಳಲ್ಲಿರುವಂಥ ಬಾಗಿದ ಕನ್ನಡಿಗಳನ್ನು ತರಿಸಿ ದೇಹಗಳನ್ನು ಹಿಗ್ಗಿಸಿ ಕುಗ್ಗಿಸಿದ ಸುಮಾರು 200 ಚಿತ್ರಗಳನ್ನು ಮಾಡಿದ. ಅದೇ 1917ರ ಹೊತ್ತಿಗೆ ಲಂಡನ್ನಿನಲ್ಲಿ ಛಾಯಾಗ್ರಾಹಕ ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್ ಮೂರು ಕನ್ನಡಿಗಳನ್ನು ತ್ರಿಕೋನವಾಗಿ ಕಟ್ಟಿ, ಅದರ ಮೂಲಕ ಕವಿ ಎಜ್ರಾ ಪೌಂಡನ ಭಾವಚಿತ್ರ ತೆಗೆದಿದ್ದ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ನಾವು ಮಕ್ಕಳಾಗಿದ್ದಾಗ ಕೊಳ್ಳುತ್ತಿದ್ದ, ಬಳೆಚೂರು ತುಂಬಿದ ಕೆಲಿಡೋಸ್ಕೋಪ್ ಕೊಳವೆಯೂ ಅದೇ ಮೂರು ಕನ್ನಡಿಯ ಲೆಕ್ಕ. ಗಾಜಿನಂಗಡಿಯಲ್ಲಿ ಮೂರು ಪಟ್ಟಿ ಕೊಯ್ಯಿಸಿ, ಅಂಚಿಗೆ ಟೇಪು ಸುತ್ತಿ ಲೆನ್ಸಿನ ಮುಂದೆ ಹಿಡಿದು ನೋಡಿ. ಕೈ ಕೊಯ್ದುಕೊಳ್ಳಬೇಡಿ.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಸಾಮಾನೂ ಬೇಡ, ಕಿಟಕಿ ಸಾಕು. ಗಾಜಿಗೆ ಅಂಟಿದ ಒಂದೊಂದು ಮಳೆಹನಿಯೂ ಒಂದೊಂದು ಲೆನ್ಸು. ಆಚೆ ನಿಂತವರ ಮುಖ ಪ್ರತಿಯೊಂದರಲ್ಲೂ ತಲೆಕೆಳಗಾಗಿ, ಸಾಸಿವೆಯಷ್ಟು ಸಣ್ಣದಾಗಿ ನೇತಾಡುತ್ತದೆ. ಹನಿಗೆ ಫೋಕಸ್ ಮಾಡಿದರೆ ನೂರು ಮುಖ, ಮುಖಕ್ಕೆ ಮಾಡಿದರೆ ಹನಿಗಳೆಲ್ಲ ಕರಗಿದ ಮೇಣ. ನನಗೆ ಹಿಡಿಸುವುದು ನಡುವಿನ ದಾರಿ: ಬೆರಳಿನಿಂದ ಒಂದು ಕಣ್ಣಿನಷ್ಟು ಜಾಗವನ್ನು ಒರೆಸಿ, ಆ ಕಣ್ಣನ್ನು ಸ್ಪಷ್ಟವಾಗಿ ಹಿಡಿದು, ಉಳಿದ ಮುಖವನ್ನು ಮಳೆಗೆ ಬಿಡುವುದು. ಹಳೆಯ ಕಚೇರಿಗಳ ಬಾಗಿಲಲ್ಲಿ ಇರುತ್ತಿದ್ದ, ಉದ್ದುದ್ದ ಗೆರೆ ಉಬ್ಬಿದ ಗಾಜು ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ. ಮುಖ ಅದಕ್ಕೆ ತಾಗಿಕೊಂಡಿದ್ದರೆ ಹೆಚ್ಚೇನೂ ಕೆಡುವುದಿಲ್ಲ, ಹಿಂದೆ ಸರಿದಂತೆಲ್ಲ ಪಟ್ಟಿಪಟ್ಟಿಯಾಗಿ ಸೀಳುತ್ತದೆ. ಎಷ್ಟು ಒಡೆಯಬೇಕು ಎಂಬುದನ್ನು ಕೂತವರೇ ಹೆಜ್ಜೆ ಹಿಂದಿಟ್ಟು, ಮುಂದಿಟ್ಟು ನಿರ್ಧರಿಸಬಹುದು.

(ಇದೇ ಮಳೆಗಾಲ ಲೆನ್ಸಿನೊಳಗೆ ಬೂಷ್ಟು ಹಿಡಿಸುತ್ತದೆ. ನನ್ನ ಹಳೆಯ 50 ಎಂ.ಎಂ. ಲೆನ್ಸಿಗೆ ಜೇಡರ ಬಲೆಯಂಥ ಬೂಷ್ಟು ಬಂದು ಮದುವೆ ಕೆಲಸಕ್ಕೆ ಬಾರದಾಯಿತು. ಎದುರು ಬೆಳಕಿಗೆ ಹಿಡಿದರೆ ಮುಖದ ಸುತ್ತ ಹಾಲಿನಂಥ ಮಂಜು ಕವಿಯುತ್ತದೆ. ಈಗ ಇಂಥ ಪ್ರಯೋಗಗಳಿಗೆಂದೇ ಅದನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಒಳ್ಳೆಯ ಲೆನ್ಸುಗಳ ಜೊತೆ ಇಡಬೇಡಿ.)

ಕಡಲ ಇಳಿತದ ಹೊತ್ತು ಕಾರವಾರದ ಟ್ಯಾಗೋರ್ ಕಡಲತೀರಕ್ಕೂ ಹೋಗುತ್ತೇನೆ. ಅಲೆ ಹಿಂದೆ ಸರಿದ ಮೇಲೆ ನಾಲ್ಕೈದು ಕ್ಷಣ ಮರಳು ಕನ್ನಡಿಯಾಗಿರುತ್ತದೆ, ಆಮೇಲೆ ನೀರು ಇಂಗಿ ಬರೀ ಮರಳು. ಕ್ಯಾಮೆರಾ ನೆಲಕ್ಕೆ ತಾಗುವಷ್ಟು ಕೆಳಗಿರಬೇಕು. ಬಟ್ಟೆ ಒದ್ದೆಯಾಗುತ್ತದೆ.

ಇನ್ನು ವೈಡ್ ಲೆನ್ಸಿನ, ಅಂದರೆ ಹತ್ತಿರದಿಂದಲೇ ಹೆಚ್ಚು ಅಗಲ ಹಿಡಿಯುವ ಲೆನ್ಸಿನ ವಿಷಯ. ನೀವೂ ಅದನ್ನೇ ಹೆಚ್ಚು ಬಳಸಿದಂತೆ ತೋರುತ್ತದೆ, ನಾನು ಕೆಟ್ಟದ್ದೂ ಅಲ್ಲಿಯೇ. ಮೂಗು ದಪ್ಪಗಾಗುವುದಕ್ಕೆ ಲೆನ್ಸನ್ನು ಬೈಯುತ್ತಾರೆ, ನಿಜವಾಗಿ ಅದನ್ನು ಮಾಡುವುದು ದೂರ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಹಿಡಿದರೆ ಕಿವಿ 42ರಲ್ಲಿರುತ್ತದೆ, ಅಂದರೆ ಕಿವಿಯ ಲೆಕ್ಕದಲ್ಲಿ ಮೂಗು ಒಂದೂವರೆ ಪಟ್ಟಿನ ಹತ್ತಿರ ಹಿಗ್ಗುತ್ತದೆ. ಒಂದೂವರೆ ಮೀಟರ್ ಹಿಂದೆ ಸರಿದರೆ 150ಕ್ಕೆ 162, ವ್ಯತ್ಯಾಸ ಶೇಕಡ 8 ಮಾತ್ರ. ಸೆಲ್ಫಿಯಲ್ಲಿ ತಮ್ಮ ಮೂಗು ನೋಡಿ ಕೊರಗುವವರಿಗೂ ಇದನ್ನು ಹೇಳುತ್ತಿರುತ್ತೇನೆ.

ಈ ಲೆಕ್ಕ ತಿಳಿದ ಹುರುಪಿನಲ್ಲಿ ಒಂದು ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋದೆ. ಬಂಗುಡೆ ಗುಡ್ಡೆ ಹಾಕಿಕೊಂಡು ಕೂತಿದ್ದ ಪರಿಚಯದ ಹೆಂಗಸೊಬ್ಬರನ್ನು ಕೇಳಿಯೇ, 24 ಎಂ.ಎಂ. ವೈಡ್ ಲೆನ್ಸು ಹಾಕಿ ಮುಖಕ್ಕೆ ಒಂದು ಗೇಣು ದೂರದಿಂದ ತೆಗೆದೆ. ನನಗದು ಅದ್ಭುತವಾಗಿ ಕಂಡಿತು. ವಾರದ ನಂತರ ದೊಡ್ಡ ಪ್ರಿಂಟು ಹಾಕಿಸಿ ಕೊಟ್ಟೆ. ಅವರು ಕೈ ಒರೆಸಿಕೊಂಡು, ಅಂಚು ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಚಿತ್ರವನ್ನು ಬುಟ್ಟಿಯ ಮೇಲೆ ಮಗುಚಿ ಇಟ್ಟು, ಪಕ್ಕದವರಿಗೆ ಕಾಣದಂತೆ ಸೆರಗು ಎಳೆದುಕೊಂಡು, ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದರು: ‘ಬೇರೆ ತೆಗೆದದ್ದು ಇಲ್ಲವೇ?’ ಒಪ್ಪಿಗೆ ಕೇಳಿದ್ದೆ ನಿಜ, ಆದರೆ ಅವರು ಒಪ್ಪಿದ್ದು ಫೋಟೊಕ್ಕೆ, ಇದಕ್ಕಲ್ಲ. ಮರುದಿನ ದೂರ ನಿಂತು ಇನ್ನೊಂದು ತೆಗೆದು, ಕಟ್ಟು ಹಾಕಿಸಿ ಕೊಟ್ಟೆ. ಮೊದಲಿನದನ್ನು ಯಾರಿಗೂ ತೋರಿಸಿಲ್ಲ. ಆ ಚಿತ್ರದಲ್ಲಿ ಅವರದ್ದು ಎನ್ನುವಂಥದ್ದು ಏನೂ ಉಳಿದಿರಲಿಲ್ಲ, ಉಳಿದದ್ದು ನನ್ನ ಲೆನ್ಸಿನ ಜಂಬ. ಅಂದಿನಿಂದ ಹೊಸ ಪ್ರಯೋಗವನ್ನು ಮೊದಲು ನನ್ನ ಮುಖದ ಮೇಲೆ ಮಾಡುತ್ತೇನೆ, ಆ ಮಾದರಿಯನ್ನು ಕೂರುವವರಿಗೆ ತೋರಿಸಿ ‘ಹೀಗೆ ಬರುತ್ತದೆ, ಅಡ್ಡಿಯಿಲ್ಲವೇ’ ಎಂದು ಕೇಳುತ್ತೇನೆ. ಅರ್ಧ ಜನ ಬೇಡ ಎನ್ನುತ್ತಾರೆ. ಉಳಿದರ್ಧ ಜನ ಕನ್ನಡಿ ಹೇಗೆ ಹಿಡಿಯಬೇಕೆಂದು ನನಗೇ ಹೇಳಿಕೊಡುತ್ತಾರೆ.

ಚೂರು ಮಾಡಿ ಜೋಡಿಸುವುದು ಇದಕ್ಕಿಂತ ನಿಧಾನದ ಕೆಲಸ, ನನಗೆ ಇದೇ ಹೆಚ್ಚು ಇಷ್ಟ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ 1982ರಲ್ಲಿ, ತೆಗೆದ ಕೂಡಲೇ ಕ್ಯಾಮೆರಾದಿಂದ ಹೊರಬರುವ ಪೊಲರಾಯ್ಡ್ ಚಿತ್ರಗಳನ್ನು ಚೌಕಚೌಕವಾಗಿ ಜೋಡಿಸಿ ಭಾವಚಿತ್ರ ಮಾಡತೊಡಗಿದ. ಆಮೇಲೆ ಸಾಮಾನ್ಯ ಪ್ರಿಂಟುಗಳನ್ನೇ ಒಂದರ ಮೇಲೊಂದು ಹೊಂದಿಸಿದ. ಒಂದೊಂದು ಚೂರೂ ಬೇರೆ ಗಳಿಗೆಯದ್ದು, ಸ್ವಲ್ಪ ಬೇರೆ ಕೋನದ್ದು. ಹೀಗಾಗಿ ಅಲ್ಲಿ ಮುಖ ಒಡೆದಿರುವುದಕ್ಕೆ ಕಾರಣವಿದೆ: ಕೂತವರು ಅಷ್ಟು ಹೊತ್ತು ಅಲುಗಾಡಿದ್ದಾರೆ, ಮಾತಾಡಿದ್ದಾರೆ. ಒಂದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಹರಡಿದರೆ ಅದು ಬರುವುದಿಲ್ಲ.

ಹೊನ್ನಾವರದ ಕಡೆ ಒಂದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಹೀಗೆ ಮಾಡಿದೆ. ಬಡಗುತಿಟ್ಟು ಎಂಬ ನಮ್ಮ ಕಡೆಯ ಯಕ್ಷಗಾನ ಶೈಲಿಯವರು ಬಣ್ಣ ತಾವೇ ಬರೆದುಕೊಳ್ಳುತ್ತಾರೆ, ಎಡಗೈಯಲ್ಲಿ ಹಿಡಿಗನ್ನಡಿ, ಬಲಗೈಯಲ್ಲಿ ಕಡ್ಡಿ. ಪರಿಚಯದ ಕಲಾವಿದರೊಬ್ಬರ ಎದುರು ಒಂದು ಗಂಟೆ ಕೂತು, ಒಂದೇ ದೂರದಿಂದ, ಒಂದೇ ಲೆನ್ಸಿನಲ್ಲಿ, ಕ್ಯಾಮೆರಾದ ಬೆಳಕಿನ ಲೆಕ್ಕವನ್ನೂ (ಎಕ್ಸ್‌ಪೋಶರ್) ಬಣ್ಣದ ಲೆಕ್ಕವನ್ನೂ (ವೈಟ್ ಬ್ಯಾಲೆನ್ಸ್) ತಾನಾಗಿ ಬದಲಾಗದಂತೆ ಕೈಯಿಂದ ಕಟ್ಟಿಹಾಕಿ 60ಕ್ಕೂ ಹೆಚ್ಚು ಚೂರು ತೆಗೆದೆ. ಹಾಗೆ ಕಟ್ಟಿಹಾಕದಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿಯಾಗಿ ಬರುತ್ತದೆ. 4x6 ಇಂಚಿನ ಪ್ರಿಂಟು ಹಾಕಿಸಿ ಸ್ಟುಡಿಯೊದ ನೆಲದ ಮೇಲೆ ಹರಡಿ ಮೂರು ಸಂಜೆ ಹೊಂದಿಸಿದೆ, ಕೊನೆಗೆ ಉಳಿದದ್ದು 23. ಹಣೆಯ ಎಡಭಾಗ ಇನ್ನೂ ಬರೀ ಚರ್ಮ, ಬಲಭಾಗ ಪೂರ್ತಿ ರಾಜ. ಎಡಗಣ್ಣು ಮೂರು ಕಡೆ ಇದೆ, ಒಂದು ಕಡೆ ಮುಚ್ಚಿದೆ. ಕಡ್ಡಿ ಹಿಡಿದ ಕೈಯನ್ನು ಮಾತ್ರ ಒಂದೇ ಪ್ರಿಂಟಿನಲ್ಲಿ ಇಡಿಯಾಗಿ ಬಿಟ್ಟೆ. ನೋಡುವವರ ಕಣ್ಣು ಸುತ್ತಾಡಿ ಬಂದು ಆ ಕೈಯ ಮೇಲೆ ಕೂರುತ್ತದೆ. ಕಲಾವಿದರಿಗೆ ತೋರಿಸಿದಾಗ ಅವರು ಕಲೆಯ ಬಗ್ಗೆ ಏನೂ ಹೇಳಲಿಲ್ಲ. ‘ಮೀಸೆ ಎಡಕ್ಕೆ ಓರೆಯಾಗಿದೆಯಲ್ಲ, ಅಲ್ಲಿಯೇ ಕೂತಿದ್ದವನು ಆಗಲೇ ಹೇಳಬಾರದಿತ್ತೇ?’ ಎಂದರು.

ಮೊಬೈಲ್ ಇದ್ದರೆ ಪನೋರಮಾದಲ್ಲೂ ಆಡಬಹುದು. ಅದು ಚಿತ್ರವನ್ನು ಕಿರಿದಾದ ಪಟ್ಟಿಗಳಾಗಿ ಹೊಲಿಯುತ್ತ ಹೋಗುತ್ತದೆ. ಮೊಬೈಲ್ ಸರಿಯುವ ದಿಕ್ಕಿಗೇ ಕೂತವರೂ ತಲೆ ಸರಿಸಿದರೆ ಮುಖ ಹಿಗ್ಗುತ್ತದೆ, ಎದುರು ದಿಕ್ಕಿಗಾದರೆ ಕುಗ್ಗುತ್ತದೆ. ಝೆರಾಕ್ಸ್ ಅಂಗಡಿಯ ಸ್ಕ್ಯಾನರಿನ ಮೇಲೆ ಕಣ್ಣು ಮುಚ್ಚಿ ಕೆನ್ನೆ ಇಟ್ಟು, ದೀಪ ಸರಿಯುವಾಗ ಮೆಲ್ಲಗೆ ತಿರುಗಿದರೂ ಇದೇ ಆಗುತ್ತದೆ. ಅಂಗಡಿಯವರು ಗುರುತಿನವರಾಗಿರಬೇಕು ಅಷ್ಟೇ. ಸಾಫ್ಟ್‌ವೇರಿನಲ್ಲಿ ಮುಖ ಹಿಂಜುವುದು ಬೇಡವೇ ಬೇಡ ಎನ್ನುವವನಲ್ಲ ನಾನು. ಆದರೆ ಅಲ್ಲಿ ಮೂಗು ಉದ್ದವಾಗುತ್ತದೆ, ಮೂಗಿನ ನೆರಳು ಹಳೆಯ ಜಾಗದಲ್ಲೇ ಇರುತ್ತದೆ. ತಮಾಷೆಯಂತೆ ಕಾಣುವುದು ಅದಕ್ಕೇ ಇರಬಹುದು. ಹಂಡೆ, ಹನಿ, ಗಾಜುಗಳು ಮುಖವನ್ನು ತಿರುಚುವಾಗ ಅದರ ಮೇಲಿನ ಬೆಳಕನ್ನೂ ಜೊತೆಗೇ ತಿರುಚುತ್ತವೆ.

ಮನೆಯವರು ‘ಒಡೆದ ಕನ್ನಡಿಯಲ್ಲಿ ಮುಖ ನೋಡಬಾರದು’ ಎಂದು ತಡೆಯುತ್ತಾರೆ ಎಂದೂ ಬರೆದಿದ್ದೀರಿ. ನಮ್ಮಲ್ಲೂ ಅದೇ. ನಾನು ಒಡೆದ ಕನ್ನಡಿ ತರುವುದನ್ನು ಬಿಟ್ಟು, ಅಂಗಡಿಯಿಂದ ನಾಲ್ಕೈದು ಚಿಕ್ಕ ಚೌಕ ಕನ್ನಡಿಗಳನ್ನು ತಂದು ಓರೆಕೋರೆಯಾಗಿ ರಟ್ಟಿಗೆ ಅಂಟಿಸಿಕೊಂಡೆ. ಒಂದನ್ನು ಮಾತ್ರ ನೇರವಾಗಿಟ್ಟೆ, ಅದರಲ್ಲಿ ಏನು ಇಡಿಯಾಗಿ ಕಾಣಬೇಕು ಎಂಬುದು ಆಯಾ ದಿನದ ಮುಖದ ಮೇಲೆ. ಆಯಿಯ (ಅಮ್ಮನ) ಆಕ್ಷೇಪವೂ ಇಲ್ಲ, ಚಿತ್ರವೂ ಚೆನ್ನಾಗಿ ಬರುತ್ತದೆ.

ಪ್ರಿಂಟುಗಳನ್ನು ಜೋಡಿಸಿ ಅಂಟಿಸುವಾಗ ಮಾತ್ರ ಮೈದಾ ಅಂಟು ಬಳಸಬೇಡಿ. ಆ ಚೌಕಿಯ ಚಿತ್ರವನ್ನು ಮೊದಲ ಸಲ ನಾನು ಮೈದಾ ಕುದಿಸಿಯೇ ರಟ್ಟಿಗೆ ಅಂಟಿಸಿ, ಬೀರುವಿನ ಹಿಂದೆ ಒರಗಿಸಿಟ್ಟು ಮಳೆಗಾಲ ಕಳೆದೆ. ಅಕ್ಟೋಬರಿನಲ್ಲಿ ತೆಗೆದು ನೋಡಿದರೆ ಜಿರಳೆಗಳು ನನ್ನ ಕೆಲಸವನ್ನು ಮುಂದುವರಿಸಿದ್ದವು, ಅದೂ ಇಡಿಯಾಗಿ ಬಿಟ್ಟಿದ್ದ ಆ ಕೈಯಿಂದಲೇ ಆರಂಭಿಸಿ. ಫೈಲುಗಳು ಇದ್ದುದರಿಂದ ಎಲ್ಲವನ್ನೂ ಮತ್ತೆ ಪ್ರಿಂಟು ಹಾಕಿಸಿ, ಈ ಸಲ ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸಿದ್ದೇನೆ.